ಫ್ರೀ ಥ್ರೋ ಆಗುವಾಗ ಒಳಗೆ ಹಾರುವುದು ಯಾವಾಗ?

ಬದಿಯಡ್ಕದ ಹತ್ತಿರ ನಾವು ಸಂಜೆ ಬಾಸ್ಕೆಟ್‌ಬಾಲ್ ಆಡುವ ಕೋರ್ಟ್ ಇದು. ಇಲ್ಲಿ ಕನ್ನಡ, ತುಳು, ಮಲಯಾಳ ಮೂರರಲ್ಲೂ ಜಗಳ ಆಗ್ತದೆ. ಹೆಚ್ಚಿನದ್ದು ಫ್ರೀ ಥ್ರೋ ಹೊತ್ತಿಗೇ, ಅಂದರೆ ಫೌಲ್ ಆದ ಮೇಲೆ ಗೆರೆಯ ಹಿಂದೆ ನಿಂತು ಒಬ್ಬನೇ ಅಡ್ಡಿ ಇಲ್ಲದೆ ಬುಟ್ಟಿಗೆ ಎಸೆಯುವಾಗ.

ಕ್ಲಿಪ್ ಇಲ್ಲಿ ನಿಲ್ಲಿಸ್ತೇನೆ. ಬಾಲು ಇನ್ನೂ ಶೂಟರ್ ಬೆರಳಿನಲ್ಲಿ ಉಂಟು. ಬಲಬದಿಯ ನೀಲಿ ಬನಿಯನ್‌ನವನ ಕಾಲು ನೋಡಿ ಮಾರಾಯ್ರೆ, ಆಗಲೇ ಒಳಗೆ!

ಫಿಬಾ (ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಲೇನಿನ, ಅಂದರೆ ಫ್ರೀ ಥ್ರೋ ಗೆರೆಯಿಂದ ಬುಟ್ಟಿಯ ಅಡಿವರೆಗಿನ ಚೌಕದ, ಎರಡು ಬದಿಗೆ ಸೇರಿ ಹೆಚ್ಚೆಂದರೆ 5 ಜನ. ಡಿಫೆನ್ಸಿನವರು 3, ಶೂಟರ್ ಕಡೆಯವರು 2. ಬುಟ್ಟಿಗೆ ತೀರಾ ಹತ್ತಿರದ ಎರಡೂ ಜಾಗ ಡಿಫೆನ್ಸಿಗೇ. ಅವರು ನಿಲ್ಲದೆ ಜಾಗ ಖಾಲಿ ಬಿದ್ದರೂ ಶೂಟರ್ ಕಡೆಯವರಿಗೆ ಅಲ್ಲಿ ಹೋಗಿ ನಿಲ್ಲಲಿಕ್ಕಿಲ್ಲ. ಉಳಿದವರೆಲ್ಲ ಫ್ರೀ ಥ್ರೋ ಗೆರೆಯ ನೇರಕ್ಕೆ ಹಿಂದೆ, ತ್ರೀ ಪಾಯಿಂಟ್ ಗೆರೆಯ ಹೊರಗೆ.

ಜಗಳದ ಮೂಲ ಬೇರೆ. ಲೇನಿನಲ್ಲಿ ನಿಂತವರು ಬಾಲು ಶೂಟರ್ ಕೈ ಬಿಟ್ಟ ಕೂಡಲೇ ಹಾರಬಹುದು. ಶೂಟರ್ ಮಾತ್ರ ಅದು ರಿಂಗಿಗೆ ತಾಗುವವರೆಗೆ, ಇಲ್ಲಾ ಬುಟ್ಟಿಗೆ ಬೀಳುವವರೆಗೆ, ಗೆರೆ ಮುಟ್ಟುವ ಹಾಗಿಲ್ಲ. "ಎಲ್ಲರೂ ರಿಂಗಿಗೆ ಕಾಯ್ಬೇಕು" ಅನ್ನುವವರು ನಮ್ಮಲ್ಲೂ ಉಂಟು. ಅಮೆರಿಕದ ಹೈಸ್ಕೂಲ್ ಆಟದಲ್ಲಿ 2014ರವರೆಗೆ ಹಾಗೇ ಇತ್ತು, ಹಳೆ ವಿಡಿಯೋ ನೋಡಿದವರಿಗೆ ಅದೇ ತಲೆಯಲ್ಲಿ. ಹಾಗಾಗಿ ರೆಫ್ರಿ ಮೊದಲು ಶೂಟರ್ ಬೆರಳು ನೋಡ್ಬೇಕು, ಆಮೇಲೆ ಉಳಿದವರ ಕಾಲು. ನಮ್ಮ ಕಡೆ ಉಲ್ಟಾ ನಡೀತದೆ.

ಸರಿ, ಡಿಫೆನ್ಸಿನ ನೀಲಿಯವನು ಮೊದಲೇ ನುಗ್ಗಿದ. ಬಾಲು ಒಳಗೆ ಬಿದ್ದಿದ್ದರೆ ಅವನ ತಪ್ಪು ಲೆಕ್ಕಕ್ಕೇ ಇಲ್ಲ, ಪಾಯಿಂಟ್ ಸಿಕ್ತದೆ. ಇಲ್ಲಿ ಬೀಳಲಿಲ್ಲ, ಹಾಗಾಗಿ ಶೂಟರಿಗೆ ಇನ್ನೊಂದು ಎಸೆತ ಕೊಡಬೇಕಿತ್ತು. ಕೊಡಲಿಲ್ಲ, ನೀಲಿಯವನು ರೀಬೌಂಡ್ (ತಪ್ಪಿ ಪುಟಿದ ಬಾಲು) ಹಿಡಿದು ಓಡಿದ. ಕೊನೆಯ ಎಸೆತಕ್ಕೆ ಎರಡೂ ಕಡೆಯವರು ನುಗ್ಗಿ ಬಾಲು ತಪ್ಪಿದರೆ ಮಾತ್ರ ಜಂಪ್ ಬಾಲ್ (ಬಾಲು ಯಾರದ್ದೂ ಅಲ್ಲ) ಲೆಕ್ಕ, ಮುಂದಿನ ಸರದಿ ತೋರಿಸುವ ಆರೋ ಯಾರ ಕಡೆಗೋ ಅವರಿಗೆ ಬಾಲು. ಶೂಟರೇ ಗೆರೆ ತುಳಿದರೆ? ಬಿದ್ದ ಪಾಯಿಂಟೂ ಹೋಯ್ತು.

ಸಮಯದ್ದು ಬೇಗ ಹೇಳಿ ಮುಗಿಸ್ತೇನೆ: ಬಾಲು ಕೈಗೆ ಸಿಕ್ಕಿದ ಮೇಲೆ ಎಸೆಯಲಿಕ್ಕೆ ಎನ್‌ಬಿಎಯಲ್ಲಿ (ಅಮೆರಿಕದ ವೃತ್ತಿಪರ ಲೀಗ್) 10 ಸೆಕೆಂಡ್, ಫಿಬಾದಲ್ಲಿ 5. ಬಾಲನ್ನು ನೆಲಕ್ಕೆ ಕುಟ್ಟುತ್ತಾ ನಿಲ್ಲುವವರು ಕೇಳಿಸಿಕೊಳ್ಳಿ.

ಇನ್ನೊಂದು ಉಂಟು. ಎಸೆಯುವ ಹಾಗೆ ನಟಿಸಿ ಡಿಫೆನ್ಸನ್ನು ಒಳಗೆ ಎಳೆಯುವ ಚಾಲಾಕಿ ನಮ್ಮಲ್ಲೊಬ್ಬ ಇದ್ದಾನೆ. ಆಗ ತಪ್ಪು ಶೂಟರದ್ದೇ ಅಂತ ನಾನು ನಿಯಮ ಓದಿ ಹೇಳಿದೆ. ಈಗ ಅವನು ನನ್ನ ಹತ್ತಿರ ಮಾತಾಡುವುದಿಲ್ಲ.