ಬಿದ್ದ ಬಿಂಬ ನಿಂತ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೆನಾಡಿನ ಹಳೆಯ ಹೆಂಚಿನ ಮನೆಗಳಲ್ಲಿ ಬೆಳೆದವರು ಈ ಸಂಗತಿಯನ್ನು ಗಮನಿಸಿರುತ್ತೀರಿ. ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡಾಗ ಹೆಂಚಿನ ಸಂದಿಯಿಂದ ಇಳಿದ ಬಿಸಿಲು ನೆಲದ ಮೇಲೆ ದುಂಡಗೆ ಬೀಳುತ್ತದೆ. ಸಂದಿ ಸೊಟ್ಟಗಿದ್ದರೂ ನೆಲದ ಬೆಳಕು ದುಂಡಗೇ ಇರುತ್ತದೆ, ಏಕೆಂದರೆ ಅಲ್ಲಿ ಬಿದ್ದಿರುವುದು ಸೂರ್ಯನ ಬಿಂಬ. ಪಾರ್ಶ್ವ ಸೂರ್ಯಗ್ರಹಣದ ದಿನ ಅದೇ ಬಿಂಬ ಒಂದು ಬದಿ ಕೊರೆದಂತೆ ಕಾಣುತ್ತದೆ. ಮುಚ್ಚಿದ ಕಿಟಕಿಯಲ್ಲಿ ಸಣ್ಣ ತೂತೊಂದಿದ್ದು ಎದುರಿಗೆ ಬಿಳಿ ಗೋಡೆ ಇದ್ದರೆ, ಅಂಗಳದಾಚೆಯ ಅಡಿಕೆ ಮರಗಳು ತಲೆಕೆಳಗಾಗಿ ಅಲ್ಲಿ ಮೂಡುತ್ತವೆ. ಇದರ ಶಾಸ್ತ್ರವನ್ನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಅರಬ್ ವಿದ್ವಾಂಸ ಇಬ್ನ್ ಅಲ್ ಹೈತಮ್ ಕೂಲಂಕಷವಾಗಿ ಪರಿಶೀಲಿಸಿದ್ದನು. ಯುರೋಪಿನ ಚಿತ್ರಕಾರರು ತೂತಿನ ಜಾಗಕ್ಕೆ ಮಸೂರ ಕೂರಿಸಿ, ಪೆಟ್ಟಿಗೆಯೊಳಗೆ ಬಿದ್ದ ಬಿಂಬದ ಗೆರೆಗಳನ್ನು ಕಾಗದದ ಮೇಲೆ ತಿದ್ದಿಕೊಳ್ಳುತ್ತಿದ್ದರು. ಕ್ಯಾಮೆರಾ ಎಂಬ ಪೆಟ್ಟಿಗೆ ಹೀಗೆ ಛಾಯಾಗ್ರಹಣಕ್ಕಿಂತ ಬಹಳ ಹಳೆಯದು. ಬಿಂಬವನ್ನು ಬೀಳಿಸುವುದು ಎಲ್ಲರಿಗೂ ಗೊತ್ತಿತ್ತು. ಬಿದ್ದದ್ದನ್ನು ನಿಲ್ಲಿಸುವುದು ಯಾರಿಗೂ ಗೊತ್ತಿರಲಿಲ್ಲ.

ಬೆಳ್ಳಿಯ ಕೆಲವು ಲವಣಗಳು ಬೆಳಕಿಗೆ ಕಪ್ಪಾಗುತ್ತವೆ. ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಇಂಥ ಲವಣವನ್ನು ಕಾಗದಕ್ಕೂ ತೊಗಲಿಗೂ ಸವರಿ, ಅದರ ಮೇಲೆ ಎಲೆಗಳನ್ನಿಟ್ಟು ಬಿಸಿಲಿಗೊಡ್ಡಿ ಆಕೃತಿಗಳನ್ನು ಪಡೆದನು. ಹಂಫ್ರಿ ಡೇವಿ ಈ ಪ್ರಯೋಗಗಳನ್ನು 1802ರಲ್ಲಿ ಪ್ರಕಟಿಸಿದನು. ಆದರೆ ಎಲೆಯ ನೆರಳಿನಲ್ಲಿ ಬೆಳ್ಳಗೆ ಉಳಿದ ಭಾಗದಲ್ಲಿ ಲವಣ ಇನ್ನೂ ಹಾಗೆಯೇ ಇತ್ತು. ಬೆಳಕಿಗೆ ತಂದೊಡನೆ ಅದೂ ಕಪ್ಪಾಗಿ ಚಿತ್ರವೇ ಮುಳುಗಿಹೋಗುತ್ತಿತ್ತು. ಮೋಂಬತ್ತಿಯ ಮಂದ ಬೆಳಕಿನಲ್ಲಿ ಮಾತ್ರ ನೋಡಬಹುದಾದ ಚಿತ್ರವನ್ನು ಪಡೆದವನ ಸಂಕಟವನ್ನು ಊಹಿಸಿಕೊಳ್ಳಿ.

ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ ಬೇರೆ ದಾರಿ ಹಿಡಿದನು. ಡಾಂಬರಿನ ಜಾತಿಯ ಒಂದು ವಸ್ತುವನ್ನು ಲೋಹದ ತಗಡಿಗೆ ಸವರಿದರೆ, ಬೆಳಕು ಬಿದ್ದಲ್ಲಿ ಅದು ಗಟ್ಟಿಯಾಗುತ್ತದೆ, ಬೀಳದಲ್ಲಿ ಎಣ್ಣೆಯಿಂದ ತೊಳೆದರೆ ಹೋಗುತ್ತದೆ. ಈ ಬಗೆಯಲ್ಲಿ ಆತ 1826ರಿಂದ 1827ರ ವೇಳೆಗೆ ತನ್ನ ಮನೆಯ ಕಿಟಕಿಯಿಂದ ತೆಗೆದ ನೋಟವು ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರ. ತಗಡು ಎಷ್ಟೋ ಗಂಟೆಗಳ ಕಾಲ ಬೆಳಕಿಗೆ ತೆರೆದಿದ್ದುದರಿಂದ, ಅದರಲ್ಲಿನ ಕಟ್ಟಡಗಳ ಎರಡೂ ಬದಿಗಳಿಗೆ ಬಿಸಿಲು ಬಿದ್ದಂತೆ ಕಾಣುತ್ತದೆ.

ಆತನ ಜೊತೆಗಾರನಾಗಿದ್ದ ಲೂಯಿ ಡಗೇರ್ ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಕೂದಲೆಳೆಯಷ್ಟು ಸ್ಪಷ್ಟವಾದ ಚಿತ್ರಗಳನ್ನು ಪಡೆದನು. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಅದರ ವಿಧಾನವನ್ನು ಜಗತ್ತಿಗೆ ತೆರೆದಿಡಲಾಯಿತು. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್, ಅಂದರೆ ಬೆಳಕು ಕಪ್ಪಾಗಿ ನೆರಳು ಬೆಳ್ಳಗಾಗಿ ಕಾಣುವ ಚಿತ್ರ, ಮಾಡಿ, ಒಂದರಿಂದ ಹಲವು ಪ್ರತಿಗಳನ್ನು ತೆಗೆಯುವ ದಾರಿ ತೋರಿಸಿದನು. ಇವರಿಬ್ಬರ ಹೆಸರು ದೊಡ್ಡದಾಗಿ ಉಳಿದಿದೆ. ನನ್ನ ಮಟ್ಟಿಗೆ ಇವರಷ್ಟೇ ಗೌರವಕ್ಕೆ ಪಾತ್ರನಾದವನು ಖಗೋಳಜ್ಞ ಜಾನ್ ಹರ್ಷೆಲ್. ಬೆಳ್ಳಿಯ ಲವಣವನ್ನು ಕರಗಿಸುವ ಒಂದು ರಾಸಾಯನಿಕದ ಗುಣವನ್ನು ಆತ 1819ರಲ್ಲೇ ಕಂಡುಕೊಂಡಿದ್ದನು. ಇಪ್ಪತ್ತು ವರ್ಷಗಳ ಬಳಿಕ, ಚಿತ್ರದಲ್ಲಿ ಉಳಿದ ಲವಣವನ್ನು ಅದರಿಂದಲೇ ತೊಳೆದು ತೆಗೆಯಬಹುದೆಂದು ಟಾಲ್ಬಟ್‌ಗೆ ತಿಳಿಸಿದನು. ವೆಜ್‌ವುಡ್‌ನ ಕೈಗೆ ಸಿಗದೆ ಹೋದದ್ದು ಇದೇ. ನಮ್ಮ ಸ್ಟುಡಿಯೋಗಳ ಡಾರ್ಕ್ ರೂಮಿನಲ್ಲಿ ಕೆಂಪು ದೀಪದ ಕೆಳಗೆ ಡೆವಲಪರ್ ಟ್ರೇಯ ಆಚೆಗೆ ಇರುತ್ತಿದ್ದ ಹೈಪೋ ಎಂದರೆ ಇದುವೇ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಹಸಿ ಪ್ಲೇಟಿನ ವಿಧಾನವನ್ನು ಪ್ರಕಟಿಸಿದನು. ಪ್ಲೇಟು ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಾದ್ದರಿಂದ, ಹೊರಗೆ ಹೋಗುವವರು ಗುಡಾರ, ರಾಸಾಯನಿಕ, ನೀರು ಎಲ್ಲವನ್ನೂ ಹೊತ್ತೊಯ್ಯಬೇಕಿತ್ತು. ಕನ್ನಡ ನಾಡಿಗೆ ಛಾಯಾಗ್ರಹಣ ಬೇಗನೆ ಬಂತು. ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವೈಭವದ ಛಾಯಾಚಿತ್ರಗಳು 1866ರಲ್ಲೇ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು.

1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಬೆರೆಸಿ ಒಣ ಪ್ಲೇಟಿಗೆ ದಾರಿ ಮಾಡಿದನು. 1888ರಲ್ಲಿ ಜಾರ್ಜ್ ಈಸ್ಟ್‌ಮನ್‌ನ ಕೊಡಕ್ ಕ್ಯಾಮೆರಾ ನೂರು ಚಿತ್ರಗಳ ರೋಲಿನೊಂದಿಗೆ ಮಾರುಕಟ್ಟೆಗೆ ಬಂತು, 1925ರಲ್ಲಿ ಅಂಗೈಗೆ ಒಗ್ಗುವ ಲೈಕಾ ಬಂತು. ನಮ್ಮ ಹಿರಿಯರಲ್ಲಿ ಹಲವರು ಕೈಯಲ್ಲಿ ಹಿಡಿದ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ ತ್ರೀ. ಅದರ ಒಂದು ರೋಲಿಗೆ ಹನ್ನೆರಡೇ ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು ಫಿಲ್ಮುಗಳೂ ನಮ್ಮವರಿಗೆ ಪರಿಚಿತ.

ಇಲ್ಲಿ ಜೆಲಟಿನ್‌ನ ಬಗ್ಗೆ ಒಂದಿಷ್ಟು ನಿಧಾನವಾಗಿ ಹೇಳಬೇಕು, ಏಕೆಂದರೆ ಮಲೆನಾಡಿನ ಮಟ್ಟಿಗೆ ಕಥೆಯ ಮುಖ್ಯ ಭಾಗ ಅದೇ. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಅಂಟು. ಪ್ಲೇಟಿನಲ್ಲಷ್ಟೇ ಅಲ್ಲ, ಫಿಲ್ಮಿನಲ್ಲೂ ಫೋಟೋ ಕಾಗದದಲ್ಲೂ ಬೆಳ್ಳಿಯನ್ನು ಹಿಡಿದಿಟ್ಟಿರುವುದು ಅದೇ. ಅದು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಬೂಷ್ಟಿಗೆ ಒಳ್ಳೆಯ ಆಹಾರವೂ ಹೌದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಆಗುಂಬೆ, ಹೊಸನಗರ, ತೀರ್ಥಹಳ್ಳಿಗಳ ಕಡೆ ಇದರ ಪರಿಣಾಮವನ್ನು ನೋಡದ ಮನೆ ಇಲ್ಲ. ಅಜ್ಜಿಯ ಮದುವೆಯ ಫೋಟೋದ ಮೇಲೆ ಬಿಳಿ ಚುಕ್ಕಿಗಳು ಹಬ್ಬಿರುತ್ತವೆ. ಫ್ರೇಮಿನ ಗಾಜಿಗೆ ಚಿತ್ರ ಅಂಟಿಕೊಂಡಿರುತ್ತದೆ. ಹೈಪೋದಲ್ಲಿ ಅದ್ದಿದ ಮೇಲೆ ಹರಿಯುವ ನೀರಿನಲ್ಲಿ ಸಾಕಷ್ಟು ಹೊತ್ತು ತೊಳೆಯದ ಚಿತ್ರವಾದರೆ, ಚಿತ್ರವನ್ನು ನಿಲ್ಲಿಸಿದ ಆ ಹೈಪೋವೇ ಒಳಗುಳಿದು ಬೆಳ್ಳಿಯನ್ನು ಹಳದಿಗೆ ತಿರುಗಿಸಿರುತ್ತದೆ.

1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಫಿಲ್ಮೇ ಇಲ್ಲದ ಕ್ಯಾಮೆರಾ ಕಟ್ಟಿದನು. ಸುಮಾರು 3.6 ಕಿಲೋ ತೂಕದ ಆ ಯಂತ್ರ ಹತ್ತು ಸಾವಿರ ಚುಕ್ಕಿಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಇಂದು ಅದೇ ತಂತ್ರದ ಸಂತಾನ ಎಲ್ಲರ ಜೇಬಿನಲ್ಲಿದೆ, ಊರೂರಿನ ಡಾರ್ಕ್ ರೂಮುಗಳು ಮುಚ್ಚಿವೆ. ಅವುಗಳ ಹಿಂಬದಿಯ ಕಪಾಟುಗಳಲ್ಲಿ ನೆಗೆಟಿವ್‌ಗಳ ಕಟ್ಟುಗಳು ಹಾಗೆಯೇ ಕುಳಿತಿರುವುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಶರಾವತಿ ಕಣಿವೆಯ ಎಷ್ಟೋ ಊರುಗಳು ನೀರಿನಡಿ ಸೇರಿದವು. ಮುಳುಗಡೆಯಾದ ಮನೆಯ ಜಗಲಿ, ಅಂಗಳ, ಕಣಗಳು ಈಗ ಉಳಿದಿದ್ದರೆ ಅದು ಹಿಂದೆ ತೆಗೆಸಿದ ಯಾವುದೋ ಮದುವೆಯ ಇಲ್ಲವೇ ಉಪನಯನದ ಫೋಟೋದಲ್ಲಿ ಮಾತ್ರ.

ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ, ಮಳೆಗಾಲದಲ್ಲಿ ಪೆಟ್ಟಿಗೆ ತೆರೆಯಬೇಡಿ; ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ತೆರೆಯಿರಿ. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಜೆಲಟಿನ್ ಕಿತ್ತು ಬರುತ್ತದೆ. ಗಾಜಿಗೆ ಅಂಟಿದ ಚಿತ್ರವನ್ನು ಎಳೆಯದೆ, ಗಾಜಿನ ಸಮೇತ ಓರೆ ಬೆಳಕಿನಲ್ಲಿಟ್ಟು ಪ್ರತಿ ತೆಗೆಸಿರಿ. ನೆಗೆಟಿವ್‌ಗಳನ್ನು ಪ್ಲಾಸ್ಟಿಕ್ ಚೀಲದಿಂದ ಬಿಡಿಸಿ ಕಾಗದದ ಲಕೋಟೆಗೆ ಹಾಕಿರಿ. ಅಟ್ಟಕ್ಕಿಂತ ಒಳಗೋಡೆಗೆ ತಾಗಿದ ಮರದ ಕಪಾಟು ಲೇಸು. ಸ್ಕ್ಯಾನ್ ಮಾಡಿಸಿದರೆ ಎರಡು ಕಡೆ ಇಡಿ, ಮೂಲವನ್ನು ಬಿಸಾಡಬೇಡಿ. ಚಿತ್ರದಲ್ಲಿ ಇರುವವರು ಯಾರು, ಊರು ಯಾವುದು, ಯಾವ ವರ್ಷ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಒತ್ತದೆ ಬರೆದಿಡಿ. ಬಾಲ್ ಪೆನ್ನಿನಿಂದ ಬರೆದರೆ ಅದರ ಗೀರು ಮುಂಬದಿಯ ಮುಖಗಳ ಮೇಲೆ ಉಬ್ಬಿ ಬರುತ್ತದೆ.