ಬಂಡಿ ಏರಿದ ಗುಂಡ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಿಂದ ಸೂಳೆಕೆರೆಗೆ ಬಸ್ಸಿನಲ್ಲಿ ಹೋದರೆ ಒಂದು, ಒಂದೂವರೆ ಗಂಟೆ. ನಮಗೆ ಎರಡು ದಿನ ಹಿಡಿಯಿತು. ನಮಗೆ ಎಂದರೆ ನಾನು, ನಮ್ಮ ಯಜಮಾನರು ಮತ್ತು ಗುಂಡ. ಗುಂಡ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿ. ಒಂದು ಮಳೆಗಾಲದ ರಾತ್ರಿ ನಮ್ಮ ಮೆಟ್ಟಿಲು ಹತ್ತಿದವನು ಮತ್ತೆ ಇಳಿಯಲಿಲ್ಲ. ತೂಕ 16 ಕಿಲೋ.

ಇಬ್ಬರಿಗೂ ಸೈಕಲ್ ಇತ್ತು, ಮಗ ಬಿಟ್ಟುಹೋದ ಡೇರೆ ಇತ್ತು. ನಾಯಿಯನ್ನು ಯಾರ ಮನೆಯಲ್ಲಿ ಬಿಡುವುದು ಎಂಬ ಪ್ರಶ್ನೆಯೇ ಮೂರು ವರ್ಷ ನಮ್ಮನ್ನು ಮನೆಯಲ್ಲಿ ಕೂರಿಸಿತ್ತು. ಕೊನೆಗೆ ಯಜಮಾನರು ಮಕ್ಕಳ ಹಳೆಯ ಸೈಕಲ್ಲಿನ ಎರಡು ಗಾಲಿ ಹಿಡಿದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದರು. ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಬಂಡಿ ಎರಡೇ ದಿನದಲ್ಲಿ ಸಿದ್ಧವಾಯಿತು. ಗುಂಡನನ್ನು ಅದಕ್ಕೆ ಹತ್ತಿಸಲು ಒಂದು ತಿಂಗಳು ಬೇಕಾಯಿತು. ಎತ್ತಿ ಕೂರಿಸಿದರೆ ಹಾರಿ ಇಳಿಯುತ್ತಿದ್ದ. ಕಡೆಗೆ ಅಂಗಳದಲ್ಲಿ ನಿಂತ ಬಂಡಿಯೊಳಗೆ ಅವನ ಹಳೆಯ ಗೋಣಿಚೀಲ ಹಾಸಿ, ದಿನವೂ ಅಲ್ಲೇ ಅನ್ನ ಇಟ್ಟೆ. ಹೊಟ್ಟೆ ಒಪ್ಪಿದ ಮೇಲೆ ನಾಯಿಯೂ ಒಪ್ಪಿತು.

ಮಾಗಿಯ ಒಂದು ಬೆಳಿಗ್ಗೆ ಆರಕ್ಕೆ ಹದಡಿ ರಸ್ತೆ ಹಿಡಿದೆವು. ಭದ್ರಾ ನಾಲೆಯ ಗದ್ದೆಗಳ ಮೇಲೆ ಇನ್ನೂ ಮಂಜಿತ್ತು. ದಕ್ಷಿಣಕ್ಕೆ ಹೋಗುವ ನಮಗೆ ಎಡಗಡೆಯಿಂದ ಮೂಡಗಾಳಿ. ಅದು ಬಂಡಿಯನ್ನು ರಸ್ತೆಯ ನಡುವಿಗೆ ನೂಕುತ್ತಿತ್ತು. ಹಿಂದಿನಿಂದ ಲಾರಿ ಬಂದಾಗಲೆಲ್ಲ ಯಜಮಾನರು ಹ್ಯಾಂಡಲ್ ಬಿಗಿಹಿಡಿಯುತ್ತಿದ್ದರು, ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಗುಂಡ ಮಾತ್ರ ಮದುವಣಿಗನಂತೆ ಆಚೀಚೆ ನೋಡುತ್ತ ಕುಳಿತಿದ್ದ. ಏರು ಬಂದಾಗ ಅವನನ್ನು ಇಳಿಸಿ ನಡೆಸುತ್ತಿದ್ದೆವು, ಇಳಿಜಾರಿನಲ್ಲಿ ಮತ್ತೆ ಹತ್ತಿಸುತ್ತಿದ್ದೆವು.

ನಾವು ದಾರಿಯನ್ನು ಕಿಲೋಮೀಟರಿನಲ್ಲಿ ಎಣಿಸಲಿಲ್ಲ, ಹೊಂಗೆ ಮರದ ನೆರಳಿನಲ್ಲಿ ಎಣಿಸಿದೆವು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದೇನಿದ್ದರೂ ಅಂಗಾಲು, ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟು ಆರಿಸಿಕೊಳ್ಳಬೇಕು. ಡಾಂಬರಿನ ಮೇಲೆ ಹಿಂಗೈ ಇಟ್ಟು ಏಳು ಎಣಿಸುವಷ್ಟು ಹೊತ್ತು ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ತಾಳದು. ಮಾಗಿಯಲ್ಲೂ ಹನ್ನೊಂದರ ಹೊತ್ತಿಗೆ ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅಲ್ಲಿಂದ ನಾಲ್ಕರವರೆಗೆ ನೆರಳು, ನೀರು, ನಿದ್ದೆ.

ಊಟಕ್ಕೆ ಮಂಡಕ್ಕಿ. ದಾವಣಗೆರೆಯವರು ಬೇರೇನು ಕಟ್ಟಿಕೊಳ್ಳುತ್ತಾರೆ? ಚೀಲ ತುಂಬಿದರೂ ತೂಕವಿಲ್ಲ, ಒಲೆ ಬೇಡ. ಆದರೆ ಈರುಳ್ಳಿ ಬೆರೆಸುವ ಮೊದಲೇ ಗುಂಡನ ಪಾಲು ತೆಗೆದಿಡುತ್ತಿದ್ದೆ. ಈರುಳ್ಳಿ ನಾಯಿಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಇದು ತಿಳಿಯದೆ ನಾವು ಎಷ್ಟು ಸಲ ಉಳಿದ ಸಾರು ಹಾಕಿದ್ದೆವೋ!

ಸಂತೇಬೆನ್ನೂರಿನ ಮೂಲಕ ಬಳಸುದಾರಿಯಲ್ಲಿ ಹೋದೆವು. ಕೆಂಗ ಹನುಮಂತಪ್ಪ ನಾಯಕ ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವೆ ಮಂಟಪ, ಪಕ್ಕದಲ್ಲೇ ಮುಸಾಫಿರ್‌ಖಾನೆ. ಪ್ರಯಾಣಿಕರಿಗೆಂದೇ ಕಟ್ಟಿದ ಆ ಮನೆಯೆದುರು ನಾವು ಮೂವರು ನಿಜವಾದ ಪ್ರಯಾಣಿಕರು ನಿಂತಿದ್ದೆವು. ನಾಯಿಯೊಂದಿಗೆ ಒಳಗೆ ಹೋಗುವುದು ಸರಿಯಲ್ಲವೆಂದು ಸರದಿಯ ಮೇಲೆ ನೋಡಿ ಬಂದೆವು. ನಾನು ಒಳಗಿದ್ದ ಹತ್ತು ನಿಮಿಷವೂ ಹೊರಗಿನಿಂದ ಗುಂಡನ ಗೋಳು ಕೇಳುತ್ತಿತ್ತು.

ಊರು ದಾಟಿ ಸ್ವಲ್ಪ ದೂರದಲ್ಲಿ ಬಂಡಿಯ ಗಾಲಿಗೆ ಬಳ್ಳಾರಿ ಜಾಲಿಯ ಮುಳ್ಳು. ಅಷ್ಟು ಚಿಕ್ಕ ಟ್ಯೂಬ್ ಯಾವ ಅಂಗಡಿಯಲ್ಲಿ ಸಿಗಬೇಕು? ಮರಳುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಒತ್ತುವಷ್ಟರಲ್ಲಿ ಕತ್ತಲಾಯಿತು. ಬಯಲಿನಲ್ಲಿ ಡೇರೆ ಹಾಕುವ ಧೈರ್ಯ ನನಗಿರಲಿಲ್ಲ. ನಮ್ಮ ಸೀಮೆಯ ಗುಡ್ಡಗಳಲ್ಲಿ ಚಿರತೆಗಳಿವೆ, ಅವಕ್ಕೆ ನಾಯಿ ಎಂದರೆ ಸುಲಭದ ಊಟ. ಒಂದು ಅಡಿಕೆ ತೋಟದ ಮನೆಯಲ್ಲಿ ಜಾಗ ಕೇಳಿದೆವು. ಬೇಯಿಸಿದ ಅಡಿಕೆಯನ್ನು ಅಂಗಳದ ತುಂಬ ಹರವಿದ್ದರು. ಮನೆಯ ಅಜ್ಜಿ ಬಂಡಿಯತ್ತ ನೋಡಿ, “ಮಗು ಮಲಗಿದೆಯೇನಮ್ಮ?” ಎಂದರು. ಗುಂಡ ತಲೆ ಎತ್ತಿದ. ಅಜ್ಜಿ ಬಿದ್ದು ಬಿದ್ದು ನಕ್ಕರು. “ಇರಲಿ, ಅಡಿಕೆಯ ಮೇಲೆ ಕಾಲಿಡದಂತೆ ನೋಡಿಕೊಳ್ಳಿ” ಎಂದು ಬಿಸಿ ರೊಟ್ಟಿ ಕೊಟ್ಟರು. ರಾತ್ರಿಯಿಡೀ ಅಡಿಕೆ ಕಾಯುವ ಕೂಲಿಯವರು ಕೆಮ್ಮಿದಾಗಲೆಲ್ಲ ಗುಂಡ ಬೊಗಳಿದ. ಕಾವಲಿನವರನ್ನೇ ಕಾದ ನಾಯಿ ಅದು.

ಮರುದಿನ ಸಂಜೆ ಸೂಳೆಕೆರೆ. ಸರ್ಕಾರದ ಕಾಗದದಲ್ಲಿ ಶಾಂತಿಸಾಗರ. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ ಕೆರೆ. ಎರಡು ಗುಡ್ಡಗಳ ನಡುವಿನ ಕಂಡಿಗೆ ಒಂದು ಏರಿ ಹಾಕಿದ್ದಾರೆ, ಅಷ್ಟೇ. ಅದರ ಹಿಂದೆ ಕಣ್ಣು ಮುಟ್ಟುವವರೆಗೆ ನೀರು. ಗುಂಡ ನೀರಿಗೆ ಧುಮುಕಲು ಹವಣಿಸಿದ, ನಾನು ಹಗ್ಗ ಎಳೆದೆ. ಚಿತ್ರದುರ್ಗದ ಕೇಳುಗರೇ, ನಿಮ್ಮ ನಲ್ಲಿಗೂ ಇದೇ ನೀರು ಬರುತ್ತದೆ, ನನ್ನ ಮೇಲೆ ಕೋಪ ಬೇಡ. ಅವನಿಗೆ ಬಾಟಲಿಯ ನೀರನ್ನೇ ಕುಡಿಸಿದೆವು. ಯಜಮಾನರು ಏರಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವರು ಮೊಬೈಲ್ ಮರೆತದ್ದನ್ನು ನೋಡಿದ್ದು ಅಂದೇ.

ಈಗ ಬಂಡಿ ಅಂಗಳದ ಮೂಲೆಯಲ್ಲಿದೆ. ಮೊನ್ನೆ ಅದರಲ್ಲಿ ಅಕ್ಕಿ ಮೂಟೆ ತರಲು ಹೊರಟರೆ ಗುಂಡ ಮೊದಲೇ ಹತ್ತಿ ಕುಳಿತಿದ್ದ. ಇಳಿಯಲಿಲ್ಲ. ಅಕ್ಕಿಯನ್ನು ಯಜಮಾನರು ಕ್ಯಾರಿಯರ್‌ಗೆ ಕಟ್ಟಿಕೊಂಡು ಬಂದರು.

ನಮಸ್ಕಾರ.