ರಾತ್ರಿ ಹನ್ನೊಂದರ ಮೇಲೆ ಯಾರನ್ನು ಕರೆಯಬೇಕು?

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಬಿಸಿಲಲ್ಲಿ, ಅದೂ ಊಟ ಆದ ಮೇಲೆ, ಉಪನ್ಯಾಸ ಇಟ್ಟವರ ಧೈರ್ಯ ಮೆಚ್ಚಬೇಕು. ನಿದ್ದೆ ಬಂದವರು ಮಲಗಿ, ನನಗೇನೂ ಬೇಜಾರಿಲ್ಲ. ಮಲಗುವ ಮೊದಲು ಫೋನ್ ತೆಗೆದು ಒಂದು ನಂಬರ್ ಸೇವ್ ಮಾಡಿಕೊಳ್ಳಿ: 14416. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ಹಿಂದೆ ಒಂದು ಕಾಲೇಜಿನಲ್ಲಿ ಹಾಸ್ಟೆಲ್ ವಾರ್ಡನ್ ಆಗಿದ್ದೆ. ಒಂದು ರಾತ್ರಿ ಹನ್ನೊಂದು ದಾಟಿತ್ತು. ಎರಡನೇ ವರ್ಷದ ಹುಡುಗನೊಬ್ಬ ಬಾಗಿಲು ತಟ್ಟಿ, "ಸರ್, ಸ್ವಲ್ಪ ಮಾತಾಡಬೇಕಿತ್ತು" ಅಂದ. ಇಂಟರ್ನಲ್ಸ್ ಮಾರ್ಕ್ಸಿನ ಗೋಳು ಇರಬೇಕು ಅಂದುಕೊಂಡೆ. "ನಾಳೆ ಆಫೀಸಿಗೆ ಬಾರಪ್ಪಾ" ಅಂತ ಹೇಳಿ ಬಾಗಿಲು ಹಾಕಿಕೊಂಡೆ. ಅವನು ರೂಮಿಗೆ ಹೋಗಲಿಲ್ಲ, ಕಾರಿಡಾರಿನಲ್ಲೇ ಕೂತುಬಿಟ್ಟ. ನೀರು ಕುಡಿಯೋಕೆ ಎದ್ದು ಬಂದ ಅವನ ರೂಮ್‌ಮೇಟ್ ನೋಡಿದ. ಏನೂ ಕೇಳದೆ ಪಕ್ಕದಲ್ಲಿ ಕೂತ. ಬೆಳಕು ಹರಿಯುವವರೆಗೆ ಏಳಲಿಲ್ಲ. ಆಮೇಲೆ ಇಬ್ಬರೂ ಬಸ್ ಹತ್ತಿ ದೊಡ್ಡಾಸ್ಪತ್ರೆಗೆ ಹೋದರು. ಆ ಹುಡುಗ ಇವತ್ತು ನೌಕರಿಯಲ್ಲಿದ್ದಾನೆ, ಚೆನ್ನಾಗಿದ್ದಾನೆ. ಅವನ ಕೈ ಹಿಡಿದದ್ದು ವಾರ್ಡನ್ ಅಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಗೊರಕೆ ಹೊಡೀತಾನೆ ಅಂತ ಎಲ್ಲರಿಂದ ಬೈಸಿಕೊಳ್ಳುತ್ತಿದ್ದ ಬಿ.ಕಾಂ. ಹುಡುಗ.

ಆ ರಾತ್ರಿ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ: ಸಹಾಯ ಕೇಳೋಕೆ ಬೆಳಗಾಗುವವರೆಗೆ ಕಾಯಬೇಕಾಗಿಲ್ಲ. ಇವತ್ತು ನಾನು ಬಂದಿರೋದು ಇದೊಂದನ್ನು ಹೇಳೋಕೆ.

ಜೀವಕ್ಕೆ ಅಪಾಯ ಈಗಲೇ ಇದೆ, ಅಥವಾ ಏನೋ ಆಗಿಯೇ ಹೋಗಿದೆ ಅಂದರೆ 112 ಅಥವಾ 108. ಸಮಾಧಾನ ಮಾಡುತ್ತಾ ಕೂರಬೇಡಿ, ಮನೆಯವರು ಬರಲಿ ಅಂತಲೂ ಕಾಯಬೇಡಿ. ನೇರ ಕ್ಯಾಶುವಾಲಿಟಿಗೆ. ಹಗಲಿನ ಒಪಿಡಿ ಸಂಜೆ ಮುಚ್ಚುತ್ತೆ, ಕ್ಯಾಶುವಾಲಿಟಿ ಮುಚ್ಚಲ್ಲ. ನಮ್ಮಲ್ಲಿ ಬಳ್ಳಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಹೆಸರು ಬದಲಾದರೂ ಆಟೋದವರಿಗೆ ಈಗಲೂ ವಿಮ್ಸ್ ಅಂದರೇ ತಿಳಿಯೋದು. ರಾಯಚೂರಿನವರಿಗೆ ರಿಮ್ಸ್. ಕೊಪ್ಪಳದಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ಬರೀತಾರೆ, ಪೊಲೀಸರು ಬಂದು ಕೇಳ್ತಾರೆ. ಅದು ಪದ್ಧತಿ. ಇದಕ್ಕೆ ಹೆದರಿ ಗೆಳೆಯನನ್ನು ರೂಮಿನಲ್ಲೇ ಇಟ್ಟುಕೊಂಡವರನ್ನು ಕಂಡಿದ್ದೀನಿ. ಹಿಂದೆ ಆತ್ಮಹತ್ಯೆಗೆ ಯತ್ನಿಸಿದವರಿಗೆ ಒಂದು ವರ್ಷದವರೆಗೆ ಜೈಲು ಅನ್ನೋ ಕಲಂ ಇತ್ತು, ಹೆದರಿಕೆ ಅಲ್ಲಿಂದ ಬಂದದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು ಅನ್ನುತ್ತೆ. ಅವರ ಆರೈಕೆ ಸರ್ಕಾರದ ಕರ್ತವ್ಯ ಅಂತಲೂ ಹೇಳುತ್ತೆ.

ಇನ್ನು, ಕೈಕಾಲು ನೆಟ್ಟಗಿದೆ, ಆದರೆ ಮನಸ್ಸು ನಿಲ್ತಾ ಇಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ. ಆಗ ಈ 14416, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ. ಸಿರುಗುಪ್ಪದ, ಕುರುಗೋಡಿನ, ಸಂಡೂರಿನ ಮಕ್ಕಳೇ, ಕೇಳಿಸಿಕೊಳ್ಳಿ: ಕನ್ನಡದಲ್ಲೇ ಮಾತಾಡಬಹುದು. ಇಂಗ್ಲಿಷ್ ಬರಲ್ಲ ಅಂತ ದುಃಖವನ್ನೂ ನುಂಗಿಕೊಳ್ಳಬೇಕಾ? ಆ ಕಡೆ ಮೊದಲು ತರಬೇತಾದ ಕೌನ್ಸೆಲರ್ ಸಿಗ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸ್ತಾರೆ. ಏನು ಹೇಳಬೇಕು ಅಂತ ತಯಾರಿ ಬೇಡ. "ಯಾಕೋ ಆಗ್ತಾ ಇಲ್ಲ" ಅಂದರೆ ಸಾಕು, ಮುಂದಿನದನ್ನು ಅವರೇ ಕೇಳ್ತಾರೆ.

"ಹುಚ್ಚಾಸ್ಪತ್ರೆಗೆ ಹೋದ ಅಂತಾರೆ ಸರ್" ಅನ್ನೋ ಮಾತು ಈಗಲೂ ಕೇಳ್ತೀನಿ. ಅದೂ ಬಳ್ಳಾರಿಯಲ್ಲಿ! ನಮ್ಮ ಜಿಲ್ಲೆಗೆ ಎಂಥಾ ಹೆಸರಿದೆ ಅಂತ ನಿಮಗೆ ಯಾರೂ ಹೇಳಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಒಂದು ಪ್ರಯೋಗಕ್ಕೆ ಈ ಜಿಲ್ಲೆಯನ್ನು ಆರಿಸಿಕೊಂಡರು. ಮನಸ್ಸಿನ ಕಾಯಿಲೆಗೆ ದೂರದ ದೊಡ್ಡ ಆಸ್ಪತ್ರೆಗೇ ಯಾಕೆ ಹೋಗಬೇಕು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಕಲಿಸಿದರೆ ಆಗಲ್ವಾ, ಜ್ವರದ ಮಾತ್ರೆ ಸಿಗುವ ಕಡೆಯೇ ಇದರ ಮಾತ್ರೆಯೂ ಸಿಕ್ಕರೆ? ಆಯಿತು. 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಅದಕ್ಕೆ ಮಾದರಿಯಾದದ್ದು ಇದೇ. ಪುಸ್ತಕಗಳಲ್ಲಿ ಅದಕ್ಕೆ 'ಬಳ್ಳಾರಿ ಮಾದರಿ' ಅಂತಲೇ ಹೆಸರು. ದೇಶ ನಮ್ಮಿಂದ ಕಲಿತದ್ದನ್ನು ನಾವು ಕದ್ದುಮುಚ್ಚಿ ಮಾಡ್ತಿದ್ದೀವಿ. ಊರಿಗೆ ಹೋದಾಗಲೂ ಚಿಕಿತ್ಸೆ ಬಿಡಬೇಕಾಗಿಲ್ಲ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ವಿಚಾರಿಸಿಕೊಂಡು ಹೋಗಿ. ನೀವು ಅಲ್ಲಿ ಹೇಳಿದ್ದನ್ನು ಗುಟ್ಟಾಗಿಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತೆ.

ಎಷ್ಟೋ ಸಲ ಕಷ್ಟ ತಲೆಯೊಳಗೆ ಹುಟ್ಟಿರಲ್ಲ, ಪಕ್ಕದ ರೂಮಿನಲ್ಲಿ ಹುಟ್ಟಿರುತ್ತೆ. ಸೀನಿಯರ್‌ಗಳ ಕಾಟಕ್ಕೆ ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ಹೆಣ್ಣುಮಕ್ಕಳಿಗೆ 181. ಆನ್‌ಲೈನ್ ಸಾಲ, ಜೂಜು ಅಂತ ದುಡ್ಡು ಕಿತ್ತುಕೊಂಡು ಮೋಸ ಮಾಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಹೇಳಿ, ತಡ ಮಾಡಿದಷ್ಟೂ ದುಡ್ಡು ಕೈ ಬದಲಾಗುತ್ತಾ ಹೋಗುತ್ತೆ. ಫೋಟೋ ಇಟ್ಟುಕೊಂಡು ಹೆದರಿಸುವವರಿಗೆ ದುಡ್ಡು ಕೊಟ್ಟರೆ ಮುಗಿಯಲ್ಲ, ಮತ್ತೆ ಕೇಳ್ತಾರೆ. ಮೆಸೇಜುಗಳನ್ನು ಅಳಿಸದೆ ಪೊಲೀಸರಿಗೆ ತೋರಿಸಿ.

ಈಗ ರೂಮ್‌ಮೇಟ್‌ಗಳ ವಿಷಯ. ಗೆಳೆಯ ಊಟ ಬಿಟ್ಟಿದ್ದಾನೆ, ಇಷ್ಟದ ವಸ್ತುಗಳನ್ನೆಲ್ಲ ಹಂಚುತ್ತಿದ್ದಾನೆ, "ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೇದು" ಅಂತಾನೆ. ಸುತ್ತಿಬಳಸಬೇಡಿ. "ಸಾಯಬೇಕು ಅನ್ನಿಸ್ತಿದೆಯೇನೋ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಕೇಳಿಸಿಕೊಂಡವರಿಗೆ ಹೊರೆ ಇಳಿದಂತಾಗುತ್ತೆ. ಹೌದು ಅಂದರೆ ಬುದ್ಧಿ ಹೇಳಬೇಡಿ, ಅಪ್ಪ ಅಮ್ಮನ ಕಷ್ಟ ನೆನಪಿಸಬೇಡಿ, ಅದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಒಂಟಿಯಾಗಿ ಬಿಡಬೇಡಿ. ಅಪಾಯ ಮಾಡಿಕೊಳ್ಳಬಹುದಾದ್ದೇನಾದರೂ ಹತ್ತಿರ ಇದ್ದರೆ ದೂರ ಸಾಗಿಸಿ. ಆ ತೀವ್ರ ಗಳಿಗೆ ಬಹಳ ಸಲ ಹೆಚ್ಚು ಹೊತ್ತು ನಿಲ್ಲಲ್ಲ, ಅದು ದಾಟಬೇಕು. ಫೋನನ್ನು ಸ್ಪೀಕರಿಗೆ ಹಾಕಿ ನೀವೇ 14416 ಒತ್ತಿ. "ಯಾರಿಗೂ ಹೇಳಬೇಡ" ಅಂತ ಆಣೆ ಹಾಕಿಸಿಕೊಂಡಿದ್ದರೆ ಆ ಆಣೆ ಮುರಿಯಿರಿ. ಸಿಟ್ಟಾದರೆ ಆಗಲಿ, ಸಿಟ್ಟಾಗೋಕೆ ಅವನು ಇರ್ತಾನೆ.

ಕೊನೆಗೆ ಇಲ್ಲಿ ಕೂತಿರುವ ನನ್ನ ಸಹೋದ್ಯೋಗಿಗಳಿಗೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಕೌನ್ಸೆಲರ್ ಒಬ್ಬರನ್ನಾದರೂ ಇಟ್ಟುಕೊಳ್ಳಬೇಕು, ಸಹಾಯವಾಣಿ ನಂಬರುಗಳು ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಿ ದೊಡ್ಡದಾಗಿ ಕಾಣಬೇಕು. ಬರುವಾಗ ಹಾಸ್ಟೆಲ್ ಗೋಡೆ ನೋಡಿಕೊಂಡು ಬಂದೆ. ಮೆಸ್ ಬಾಕಿಯವರ ಪಟ್ಟಿ ಇದೆ. ಅದರ ಪಕ್ಕದಲ್ಲಿ ಜಾಗವೂ ಇದೆ. ಮಾರ್ಕರ್ ತಂದಿದ್ದೀನಿ.

ಎಲ್ಲರೆದುರು ಕೇಳೋಕೆ ಸಂಕೋಚ ಇದ್ದವರು ಚೀಟಿ ಬರೆದು ಕೊಡಿ, ಹೆಸರು ಬೇಡ. ಇಲ್ಲವಾದರೆ ಹೊರಗೆ ಬೇವಿನ ಮರದ ಕೆಳಗೆ ಸಂಜೆ ಆರರವರೆಗೆ ಕೂತಿರ್ತೀನಿ. ಒಗ್ಗರಣೆ-ಮಿರ್ಚಿ ತರಿಸೋಣ.